ಪೆರ್ನಾಲ್ ಪೇಟೆಯ ಕಳ್ಳ ಈಗ ಜೇಬಿಗೆ ಕೈ ಹಾಕುವುದಿಲ್ಲ

ರಮಝಾನ್‌ನ ಕೊನೆಯ ಹತ್ತು ಬಂತೆಂದರೆ ನಮ್ಮ ಪೇಟೆಗಳಿಗೆ ರಾತ್ರಿಯೆಂಬುದೇ ಇರುವುದಿಲ್ಲ. ಹಂಪನಕಟ್ಟೆಯಿಂದ ಹಿಡಿದು ತೊಕ್ಕೊಟ್ಟು, ಬಿ.ಸಿ. ರೋಡ್, ಪುತ್ತೂರಿನವರೆಗೆ ತರಾವೀಹ್ ಮುಗಿದ ಮೇಲೂ ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಫ್ಯಾನ್ಸಿ ಅಂಗಡಿಗಳಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಮಕ್ಕಳಿಗೆ ಪೆರ್ನಾಲ್ ಬಟ್ಟೆ, ಉಮ್ಮನಿಗೆ ಹೊಸ ಬುರ್ಖಾ, ಈ ವರ್ಷ ಮದುವೆಯಾದ ಮಗಳಿದ್ದರೆ ಪುದಿಯಾಪ್ಳೆಗೆ ಕೊಡಬೇಕಾದದ್ದು ಬೇರೆ. ಗಲ್ಫ್‌ನಿಂದ ಬಂದ ಹಣ, ಊರಲ್ಲಿ ದುಡಿಯುವವರ ಸಂಬಳ, ಇದ್ದವರು ತೆಗೆದಿಟ್ಟ ಝಕಾತ್, ಎಲ್ಲವೂ ಈ ದಿನಗಳಲ್ಲೇ ಕೈ ಬದಲಾಗುತ್ತದೆ. ವರ್ಷದ ಬೇರೆ ಯಾವ ತಿಂಗಳಲ್ಲೂ ನಮ್ಮ ಮನೆಗಳ ಖಾತೆಗಳಲ್ಲಿ ಇಷ್ಟು ಓಡಾಟ ಇರುವುದಿಲ್ಲ. ಇದು ನಮಗೆ ಗೊತ್ತಿರುವಷ್ಟೇ ಚೆನ್ನಾಗಿ ಕಳ್ಳರಿಗೂ ಗೊತ್ತು.

ಹಿಂದೆ ಪೇಟೆಗೆ ಹೊರಟವರಿಗೆ ಮನೆಯ ಹಿರಿಯರು "ಜೇಬು ನೋಡ್ಕೋ, ಬ್ಯಾಗು ಮುಂದೆ ಹಿಡ್ಕೋ" ಎಂದು ಹೇಳಿ ಕಳುಹಿಸುತ್ತಿದ್ದರು. ಈಗ ಜೇಬಿನಲ್ಲಿ ಹಣವೇ ಇಲ್ಲ. ಇರುವುದು ಒಂದು ಕಾರ್ಡು, ಒಂದು ಮೊಬೈಲು. ಕಳ್ಳನಿಗೆ ಬೇಕಾದದ್ದು ಅವೆರಡೂ ಅಲ್ಲ. ಹದಿನಾರು ಅಂಕಿಯ ಒಂದು ನಂಬರು, ನಾಲ್ಕು ಅಂಕಿಯ ಪಿನ್ನು, ಆರು ಅಂಕಿಯ ಒಟಿಪಿ, ಅಥವಾ ಒಂದು ಆಧಾರ್ ಜೆರಾಕ್ಸ್ ಸಿಕ್ಕರೆ ಅವನಿಗೆ ಸಾಕು.

ಈ ವಿಷಯದಲ್ಲಿ ಬ್ಯಾಂಕ್‌ನವರು, ಪೊಲೀಸರು ಹೇಳುವ ಎಚ್ಚರಿಕೆಗಳು ಬೇಕಾದಷ್ಟಿವೆ. ಫೋನ್ ರಿಂಗ್ ಆಗುವ ಮೊದಲೇ ಸರಕಾರದ ಎಚ್ಚರಿಕೆ ಕೇಳಿ ಕೇಳಿ ಕಿವಿ ತುಂಬಿದೆ. ಆದರೆ ಅವು ಯಾವುದೂ ನಮ್ಮ ಮನೆಗಳು ನಡೆಯುವ ರೀತಿಯನ್ನು ನೋಡಿ ಹೇಳಿದ್ದಲ್ಲ. ನಮ್ಮದರಲ್ಲಿ ಖಾತೆ ಒಬ್ಬರದ್ದು, ಕಾರ್ಡು ಇನ್ನೊಬ್ಬರ ಕೈಯಲ್ಲಿ, ಫೋನ್ ಮಕ್ಕಳ ಕೈಯಲ್ಲಿ. ದಮ್ಮಾಮ್‌ನಲ್ಲೋ ದುಬೈಯಲ್ಲೋ ದುಡಿಯುವವನ ಹೆಸರಲ್ಲಿ ಊರಿನ ಬ್ಯಾಂಕಿನಲ್ಲಿ ಖಾತೆ ಇರುತ್ತದೆ. ಅವನ ಎಟಿಎಂ ಕಾರ್ಡು ಮನೆಯ ಕಪಾಟಿನಲ್ಲಿ. ಆ ಕಾರ್ಡಿನ ಪಿನ್ ಹೆಂಡತಿಗೆ ಗೊತ್ತು, ಉಮ್ಮನಿಗೆ ಗೊತ್ತು, ತಮ್ಮನಿಗೆ ಗೊತ್ತು, ಒಮ್ಮೊಮ್ಮೆ ಹಣ ತೆಗೆದು ತಂದುಕೊಡುವ ರಿಕ್ಷಾದವನಿಗೂ ಗೊತ್ತು. ಕೆಲವರು ಮರೆತು ಹೋಗದಿರಲಿ ಅಂತ ಕಾರ್ಡಿನ ಕವರಿನ ಮೇಲೆಯೇ ಬರೆದಿಟ್ಟಿರುತ್ತಾರೆ.

ಇದನ್ನು ಬರೀ ಅಜಾಗರೂಕತೆ ಎಂದು ಬೈದು ಬಿಡುವುದು ಸರಿಯಲ್ಲ. ಮನೆ ನಡೆಯಬೇಕಲ್ಲ? ಅಲ್ಲಿರುವವನು ಇಲ್ಲಿ ಬಂದು ಪ್ರತಿ ಸಲ ಹಣ ತೆಗೆದುಕೊಡಲು ಆಗುತ್ತದೆಯೇ? ಆದರೆ ಕಾನೂನಿನ ಲೆಕ್ಕ ಬೇರೆ. ಗ್ರಾಹಕನ ತಪ್ಪಿಲ್ಲದೆ ಹಣ ಹೋದರೆ ಬ್ಯಾಂಕ್ ಹೇಗೆ ನಡೆದುಕೊಳ್ಳಬೇಕು ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿದೆ. ಪಿನ್, ಒಟಿಪಿ, ಪಾಸ್‌ವರ್ಡ್ ಬೇರೆಯವರಿಗೆ ಹೇಳಿಕೊಟ್ಟ ಕಾರಣದಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗ್ರಾಹಕನದ್ದೇ ಎಂದು ಅದರಲ್ಲಿ ಸ್ಪಷ್ಟವಾಗಿ ಇದೆ. ಮನೆಯವರೇ ಆದರೂ, ಪಿನ್ ನಾಲ್ಕು ಜನರಿಗೆ ಗೊತ್ತಿತ್ತು ಅಂತಾದರೆ ನಾಳೆ ಬ್ಯಾಂಕಿನ ಮುಂದೆ ನಿಂತು ವಾದ ಮಾಡುವುದು ಕಷ್ಟ.

ಇದಕ್ಕೊಂದು ಸುಲಭದ ದಾರಿಯಿದೆ. ಮನೆಯಲ್ಲಿರುವ ಹೆಂಡತಿ ಅಥವಾ ಉಮ್ಮನ ಹೆಸರಲ್ಲೇ ಒಂದು ಉಳಿತಾಯ ಖಾತೆ ತೆರೆಯುವುದು, ತಿಂಗಳಿಗೆ ಬೇಕಾಗುವಷ್ಟನ್ನು ಮಾತ್ರ ಅದಕ್ಕೆ ಹಾಕುವುದು. ಕಾರ್ಡು, ಗೂಗಲ್ ಪೇ, ಫೋನ್ ಪೇ ಎಲ್ಲ ಆ ಖಾತೆಗೆ ಮಾತ್ರ ಇರಲಿ. ಮನೆ ಕಟ್ಟಲು, ಮಗಳ ಮದುವೆಗೆ ಅಂತ ಕೂಡಿಟ್ಟ ಹಣ ಇರುವ ಖಾತೆಯ ಕಾರ್ಡು ಊರಿನ ಕಪಾಟಿನಲ್ಲಿ ಇರಲೇಬೇಕೆಂದಿಲ್ಲ. ಎನ್‌ಆರ್‌ಇ ಖಾತೆಯಿಂದ ಊರಿನ ಖರ್ಚು ಮನೆಯವರೊಬ್ಬರೇ ನೋಡಿಕೊಳ್ಳಬೇಕಾದರೆ ಬ್ಯಾಂಕಿನಲ್ಲಿ ಮ್ಯಾಂಡೇಟ್ ಬರೆದುಕೊಡುವ ಪದ್ಧತಿಯೂ ಇದೆ. ಹೀಗೆ ಮಾಡಿದರೆ ಪೆರ್ನಾಲ್ ಗಡಿಬಿಡಿಯಲ್ಲಿ ಏನಾದರೂ ಆದರೂ ಹೋಗುವುದು ಆ ತಿಂಗಳ ಖರ್ಚಿನ ಹಣ ಮಾತ್ರ. ಹೆಂಡತಿಯ ಹೆಸರಲ್ಲಿ ಒಂದು ಖಾತೆ ಇರುವುದರಿಂದ ಬೇರೆ ಒಳಿತುಗಳೂ ಇವೆ, ಅದು ಇನ್ನೊಂದು ವಾರದ ಮಾತು.

ಗಲ್ಫ್‌ನಲ್ಲಿರುವವರು ಗಮನಿಸಬೇಕಾದ ಇನ್ನೊಂದು ವಿಷಯವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ರಜೆಗೆ ಬಂದಾಗ ಬಳಸಿ, ವಾಪಸ್ ಹೋಗುವಾಗ ಡ್ರಾಯರ್‌ನಲ್ಲಿ ಇಟ್ಟುಹೋದ ಊರಿನ ಸಿಮ್ ಇದೆಯಲ್ಲ, ಅದು 90 ದಿನ ಬಳಕೆಯಾಗದಿದ್ದರೆ, ಅದರಲ್ಲಿ ಹಣವೂ ಇಲ್ಲದಿದ್ದರೆ, ಕಂಪೆನಿಯವರು ಕಡಿತ ಮಾಡಬಹುದು. ಕಡಿತವಾಗಿ ಮತ್ತೆ 90 ದಿನ ಕಳೆದರೆ ಅದೇ ನಂಬರ್ ಬೇರೆಯವರಿಗೆ ಹೋಗಬಹುದು. ಆ ನಂಬರ್ ನಿಮ್ಮ ಬ್ಯಾಂಕಿಗೆ, ಆಧಾರ್‌ಗೆ ಜೋಡಣೆಯಾಗಿದ್ದರೆ ನಿಮ್ಮ ಒಟಿಪಿ ಯಾರದೋ ಫೋನಿಗೆ ಹೋಗುತ್ತಾ ಇರುತ್ತದೆ. ತಿಂಗಳಿಗೆ ಒಂದು ಸಣ್ಣ ರೀಚಾರ್ಜ್, ಆಗಾಗ ಒಂದು ಕಾಲ್, ಇಲ್ಲವಾದರೆ ಬ್ಯಾಂಕಿಗೆ ಹೋಗಿ ನಂಬರ್ ಬದಲಿಸುವುದು, ಇಷ್ಟು ಮಾಡಲೇಬೇಕು.

ಇನ್ನು ಅಂಗಡಿಯ ಮಾತು. ರಶ್ಶಿನ ಹೊತ್ತಿನಲ್ಲಿ ಕೌಂಟರಿನ ಹುಡುಗ ಕಾರ್ಡು ತೆಗೆದುಕೊಂಡು "ಪಿನ್ ಎಷ್ಟು ಹೇಳಿ" ಎನ್ನುತ್ತಾನೆ, ನಾವು ಹತ್ತು ಜನರ ನಡುವೆ ಗಟ್ಟಿಯಾಗಿ ಹೇಳುತ್ತೇವೆ. ಹೆಚ್ಚಿನ ಅಂಗಡಿಗಳಲ್ಲಿ ಆ ಹುಡುಗ ನಮ್ಮ ಊರಿನವನೇ, ಕೆಟ್ಟವನಲ್ಲ. ಆದರೆ ಹಿಂದೆ ನಿಂತವರು ಯಾರು ಅಂತ ನಮಗೇನು ಗೊತ್ತು? ಮೆಷಿನ್ ಕೈಗೆ ಕೊಡಿ ಎಂದು ಕೇಳಿ, ಇನ್ನೊಂದು ಕೈ ಅಡ್ಡ ಹಿಡಿದು ನೀವೇ ಒತ್ತಿ. ಕಾರ್ಡು ನಿಮ್ಮ ಕಣ್ಣ ಮುಂದೆಯೇ ಇರಲಿ. ಈಗಿನ ಕಾರ್ಡುಗಳಲ್ಲಿ 5,000 ರೂಪಾಯಿಯವರೆಗೆ ಪಿನ್ ಇಲ್ಲದೆ ಬರೇ ತಾಗಿಸಿದರೆ ಹಣ ಹೋಗುವ ವ್ಯವಸ್ಥೆ ಇದೆ. ಅದು ಬೇಡವಾದರೆ ನಿಲ್ಲಿಸಬಹುದು. ಬ್ಯಾಂಕಿನ ಆ್ಯಪ್‌ನಲ್ಲಿ ತಾಗಿಸಿ ಕೊಡುವುದು, ಆನ್‌ಲೈನ್ ಖರೀದಿ, ವಿದೇಶಿ ವ್ಯವಹಾರ ಪ್ರತಿಯೊಂದಕ್ಕೂ ಬೇರೆ ಬೇರೆ ಸ್ವಿಚ್ ಇರಬೇಕು, ಮಿತಿ ಹಾಕುವ ಅವಕಾಶವೂ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2020ರಿಂದ ನಿಯಮ ಮಾಡಿದೆ. ಇದರಲ್ಲಿ ವಿದೇಶಿ ವ್ಯವಹಾರದ ಸ್ವಿಚ್ ಮುಖ್ಯ. ನಮ್ಮ ದೇಶದ ವೆಬ್‌ಸೈಟ್‌ಗಳಲ್ಲಿ ಕಾರ್ಡು ಬಳಸಲು ಒಟಿಪಿ ಬೇಕು, ಹೊರಗಿನ ಎಷ್ಟೋ ವೆಬ್‌ಸೈಟ್‌ಗಳಲ್ಲಿ ಬೇಡ. ಕಾರ್ಡಿನ ನಂಬರ್, ಅವಧಿ, ಹಿಂದಿರುವ ಮೂರು ಅಂಕಿ ಇದ್ದರೆ ಮುಗಿಯಿತು. ಮನೆಯ ಖರ್ಚಿಗೆ ಇಟ್ಟುಕೊಂಡ ಕಾರ್ಡಿಗೆ ವಿದೇಶದ ಅಗತ್ಯ ಏನಿದೆ? ಆಫ್ ಮಾಡಿಬಿಡಿ.

ಅಂಗಡಿ ಇಟ್ಟುಕೊಂಡವರಿಗೂ ಒಂದು ಮಾತು. ಹಣ ಬಂದಂತೆ ಕಾಣುವ ಸುಳ್ಳು ಸ್ಕ್ರೀನ್ ತೋರಿಸುವ ಆ್ಯಪ್‌ಗಳಿವೆ. ಗಿರಾಕಿ ತೋರಿಸಿದ್ದನ್ನು ನಂಬದೆ ನಿಮ್ಮ ಪೆಟ್ಟಿಗೆ ಕೂಗಿದ್ದನ್ನು, ನಿಮ್ಮ ಫೋನಿಗೆ ಬಂದದ್ದನ್ನು ಮಾತ್ರ ನಂಬಿ. ಅಂಗಡಿ ತೆರೆಯುವಾಗ ಕ್ಯೂಆರ್ ಕೋಡಿನ ಮೇಲೆ ಯಾರಾದರೂ ಬೇರೆ ಸ್ಟಿಕ್ಕರ್ ಅಂಟಿಸಿದ್ದಾರಾ ಎಂದು ಒಮ್ಮೆ ಕೈಯಾಡಿಸಿ ನೋಡುವುದಕ್ಕೆ ಖರ್ಚೇನಿಲ್ಲ.

ಮನೆಯಲ್ಲೇ ಕುಳಿತು ಫೋನಿನಲ್ಲಿ ಖರೀದಿ ಮಾಡುವವರು ಈಗ ಹೆಚ್ಚು. ಇನ್‌ಸ್ಟಾಗ್ರಾಂನಲ್ಲಿ ಚೆಂದದ ಅಬಾಯ, ಮಕ್ಕಳ ಕುರ್ತಾ, ಅರ್ಧ ಬೆಲೆ, ಇವತ್ತು ಮಾತ್ರ ಎನ್ನುವ ಪುಟಗಳು ರಮಝಾನ್‌ನಲ್ಲಿ ಅಣಬೆಯಂತೆ ಏಳುತ್ತವೆ. ಇವುಗಳಲ್ಲಿ ಮನೆಯಲ್ಲೇ ಹೊಲಿದು ಮಾರುವ ನಮ್ಮ ಹೆಣ್ಣುಮಕ್ಕಳ ಪ್ರಾಮಾಣಿಕ ವ್ಯಾಪಾರವೂ ಇದೆ, ಎಲ್ಲವನ್ನೂ ಕಳ್ಳಪುಟ ಎನ್ನುವುದು ಅವರಿಗೆ ಮಾಡುವ ಅನ್ಯಾಯ. ನೋಡಿ ತಿಳಿದುಕೊಳ್ಳುವುದು ಹೇಗೆ? ಪುಟ ಯಾವಾಗ ಶುರುವಾಯಿತು, ಖರೀದಿ ಮಾಡಿದ ಪರಿಚಯದವರು ಯಾರಾದರೂ ಇದ್ದಾರಾ, ಕಮೆಂಟ್ ಹಾಕುವುದನ್ನು ಬಂದ್ ಮಾಡಿಟ್ಟಿದ್ದಾರಾ, ವಸ್ತು ಬಂದ ಮೇಲೆ ಹಣ ಕೊಡುತ್ತೇನೆ ಎಂದರೆ ಏನು ಹೇಳುತ್ತಾರೆ, ಇಷ್ಟು ವಿಚಾರಿಸಿದರೆ ಅರ್ಧ ಗೊತ್ತಾಗುತ್ತದೆ. ಆರ್ಡರ್ ಮಾಡಿದವರು ಪಾರ್ಸೆಲ್‌ಗೆ ಕಾಯುತ್ತಿರುವಾಗಲೇ "ನಿಮ್ಮ ವಿಳಾಸ ಸರಿಯಿಲ್ಲ, ಈ ಲಿಂಕ್ ಒತ್ತಿ ಸಣ್ಣ ಶುಲ್ಕ ಕಟ್ಟಿ" ಎಂಬ ಮೆಸೇಜು ಬರುತ್ತದೆ, ಅಂಚೆ ಇಲಾಖೆಯ ಹೆಸರಲ್ಲೂ ಬರುತ್ತದೆ. ಅವರಿಗೆ ಬೇಕಾದದ್ದು ಆ ಸಣ್ಣ ಶುಲ್ಕ ಅಲ್ಲ, ಅದನ್ನು ಕಟ್ಟುವಾಗ ನೀವು ತುಂಬಿಸುವ ಕಾರ್ಡಿನ ವಿವರ. ಬಟ್ಟೆ ಸರಿಯಾಗಲಿಲ್ಲ, ವಾಪಸ್ ಮಾಡಬೇಕು ಅಂತ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿದರೆ ಮೊದಲು ಸಿಗುವುದು ಕಳ್ಳನ ನಂಬರೇ ಆಗಿರಬಹುದು. ಕಂಪೆನಿಯ ಆ್ಯಪ್‌ನ ಒಳಗಿನಿಂದಲೇ ದೂರು ಕೊಡಿ. ಹಣ ವಾಪಸ್ ಹಾಕುತ್ತೇವೆ, ಯುಪಿಐ ಪಿನ್ ಒತ್ತಿ ಎಂದರೆ ಅಲ್ಲಿಗೇ ಫೋನ್ ಇಡಿ. ಹಣ ಬರುವುದಕ್ಕೆ ಪಿನ್ ಬೇಡ. ಪಿನ್ ಬೇಕಾಗುವುದು ಹಣ ಹೋಗುವುದಕ್ಕೆ.

ಶವ್ವಾಲ್ ಬಂದರೆ ಮದುವೆಗಳ ಸಾಲು ಶುರು. ಕಾಗದದ ಕರೆಯೋಲೆ ಕೊಡಲು ಮನೆ ಮನೆಗೆ ಹೋಗುವುದು ಕಮ್ಮಿಯಾಗಿ ವಾಟ್ಸ್‌ಆ್ಯಪ್‌ನಲ್ಲಿ ಕಾರ್ಡು ಬರುತ್ತದೆ. ಇದೇ ವೇಷದಲ್ಲಿ 'ಎಪಿಕೆ' ಎಂದು ಕೊನೆಯಾಗುವ ಫೈಲ್ ಬರುತ್ತದೆ. ಅದು ಕರೆಯೋಲೆಯಲ್ಲ, ಒತ್ತಿದ ಕೂಡಲೇ ಫೋನಿನೊಳಗೆ ಕುಳಿತು ನಿಮ್ಮ ಮೆಸೇಜುಗಳನ್ನು, ಒಟಿಪಿಗಳನ್ನು ಬೇರೆಯವನಿಗೆ ಕಳುಹಿಸುವ ಆ್ಯಪ್. ಸಂಬಂಧಿಕರ ನಂಬರಿನಿಂದಲೇ ಬರಬಹುದು, ಯಾಕೆಂದರೆ ಅವರ ಫೋನ್ ಮೊದಲೇ ಹೋಗಿರುತ್ತದೆ. ಕರೆಯೋಲೆ ಫೋಟೋ ಆಗಿದ್ದರೆ ನೋಡಿ, ಇನ್‌ಸ್ಟಾಲ್ ಮಾಡಲು ಕೇಳಿದರೆ ಮದುವೆಯ ಮನೆಗೆ ಒಂದು ಕಾಲ್ ಮಾಡಿ. ಕರೆಯೋಲೆಗೆ ಇನ್‌ಸ್ಟಾಲ್ ಯಾಕೆ ಬೇಕು?

ಇಲ್ಲಿಯವರೆಗೆ ಹೇಳಿದ್ದು ಹೊರಗಿನ ಕಳ್ಳರ ಬಗ್ಗೆ. ನಮ್ಮ ಜಮಾಅತ್‌ಗಳು, ಸಂಘಟನೆಗಳು, ಯುವಕರ ಗ್ರೂಪ್‌ಗಳು ಕೇಳಬೇಕಾದ ಒಂದು ಮಾತೂ ಇದೆ. ರಮಝಾನ್ ಕಿಟ್ ಹಂಚುವಾಗ ಬಡವರಿಂದ ಆಧಾರ್ ಜೆರಾಕ್ಸ್, ರೇಷನ್ ಕಾರ್ಡ್ ಜೆರಾಕ್ಸ್, ಕೆಲವು ಕಡೆ ಪಾಸ್‌ಬುಕ್ಕಿನ ಪ್ರತಿಯನ್ನೂ ತೆಗೆದುಕೊಳ್ಳುತ್ತಾರೆ. ಒಬ್ಬರಿಗೇ ಎರಡು ಸಲ ಹೋಗಬಾರದು ಎಂಬ ಉದ್ದೇಶ ಒಳ್ಳೆಯದೇ. ಆದರೆ ಕಿಟ್ ಹಂಚಿ ಮುಗಿದ ಮೇಲೆ ಆ ಕಾಗದಗಳ ಕಟ್ಟು ಎಲ್ಲಿ ಹೋಗುತ್ತದೆ? ಕಚೇರಿಯ ಮೂಲೆಯಲ್ಲಿ ಬಿದ್ದಿರುತ್ತದೆ, ಮುಂದಿನ ವರ್ಷ ಗುಜರಿಗೆ ಹೋಗುತ್ತದೆ, ಇಲ್ಲವೇ ಯಾರದೋ ಮೊಬೈಲಿನಲ್ಲಿ ಫೋಟೋ ಆಗಿ ಉಳಿಯುತ್ತದೆ. ಐದು ಕಿಲೋ ಅಕ್ಕಿಗೋಸ್ಕರ ಒಂದು ಕುಟುಂಬ ತನ್ನ ಗುರುತನ್ನೇ ಕೊಟ್ಟು ಹೋಗಬೇಕೇ? ಮೊಹಲ್ಲಾದ ಪಟ್ಟಿ ಜಮಾಅತ್ ಬಳಿ ಇದ್ದೇ ಇದೆ, ಹೆಸರು ನೋಡಿ ಟೋಕನ್ ಕೊಟ್ಟರೆ ಸಾಕು. ಆಧಾರ್ ನೋಡಲೇಬೇಕೆಂದಿದ್ದರೆ ನೋಡಿ ವಾಪಸ್ ಕೊಡಿ. ಪ್ರತಿ ಬೇಕೇ ಬೇಕೆಂದಾದರೆ ಮೊದಲ ಎಂಟು ಅಂಕಿ ಮರೆಮಾಡಿ ಕೊನೆಯ ನಾಲ್ಕು ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಇದೆ, ಆಧಾರ್‌ನ ವೆಬ್‌ಸೈಟಿನಿಂದ ಪುಕ್ಕಟೆ ತೆಗೆಯಬಹುದು. ಈ ಹಿಂದೆ ತೆಗೆದುಕೊಂಡ ಕಟ್ಟುಗಳನ್ನು ಈ ಪೆರ್ನಾಲ್‌ಗೆ ಮೊದಲು ಸುಟ್ಟುಬಿಡುವುದು ಒಳ್ಳೆಯದು. ಅದು ನಮ್ಮಲ್ಲಿರುವ ಬೇರೆಯವರ ಅಮಾನತ್.

ರೋಗಿಗಳಿಗೆ ಸಹಾಯ ಕೇಳುವ ಮೆಸೇಜುಗಳ ವಿಷಯವೂ ಹಾಗೆಯೇ. ರೋಗಿಯ ಫೋಟೋ, ಆಸ್ಪತ್ರೆಯ ಚೀಟಿ, ಆಧಾರ್, ಪಾಸ್‌ಬುಕ್, ಎಲ್ಲವೂ ಒಂದರ ಹಿಂದೊಂದು ನೂರು ಗ್ರೂಪ್‌ಗಳಿಗೆ ಹೋಗುತ್ತದೆ. ಅದೇ ಫೋಟೋ ಇಟ್ಟು ಕ್ಯೂಆರ್ ಕೋಡ್ ಮಾತ್ರ ಬದಲಿಸಿ ಝಕಾತ್‌ನ ಹಣ ಹೊಡೆಯುವವರಿದ್ದಾರೆ. ಫಾರ್ವರ್ಡ್ ಮಾಡುವ ಮೊದಲು ಆ ಊರಿನ ಜಮಾಅತ್‌ಗೆ ಒಂದು ಫೋನ್ ಮಾಡಿ, ಸ್ಕ್ಯಾನ್ ಮಾಡಿದಾಗ ಬರುವ ಹೆಸರು ಯಾರದ್ದು ಎಂದು ನೋಡಿ. ಉಮ್ರಾಕ್ಕೆ ಹೋಗುವವರ ಪಾಸ್‌ಪೋರ್ಟ್ ಪ್ರತಿಗಳನ್ನು ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲೇ ಹಾಕಿಸಿಕೊಳ್ಳುವ ಅಭ್ಯಾಸವನ್ನು ಟ್ರಾವೆಲ್ಸ್‌ನವರೂ ಬಿಡಬೇಕು.

ಇದು ಇಲ್ಲದ ಹೆದರಿಕೆ ಹುಟ್ಟಿಸುವ ಮಾತಲ್ಲ. 2023ರಲ್ಲಿ ನಮ್ಮ ಮಂಗಳೂರಿನಲ್ಲೇ, ಜಾಗದ ನೋಂದಣಿಗೆ ಹೆಬ್ಬೆಟ್ಟು ಕೊಟ್ಟು ಬಂದವರ ಖಾತೆಯಿಂದ ಒಟಿಪಿಯೂ ಇಲ್ಲದೆ, ಕಾರ್ಡೂ ಇಲ್ಲದೆ ಹಣ ಹೋದ ದೂರುಗಳು ಸಾಲು ಸಾಲಾಗಿ ಬಂದಿದ್ದವು. ಆಧಾರ್ ನಂಬರ್ ಮತ್ತು ಬೆರಳಚ್ಚು ಇದ್ದರೆ ಹಣ ತೆಗೆಯಬಹುದಾದ ವ್ಯವಸ್ಥೆಯನ್ನು ಕಳ್ಳರು ಹಾಗೆ ಬಳಸಿಕೊಂಡರು. ಇದರಿಂದ ತಪ್ಪಿಸಿಕೊಳ್ಳಲು ಆಧಾರ್‌ನ ಆ್ಯಪ್‌ನಲ್ಲಿ ಬೆರಳಚ್ಚನ್ನು ಲಾಕ್ ಮಾಡಿಡಬಹುದು. ಒಂದು ವಿಷಯ ನೆನಪಿರಲಿ, ಲಾಕ್ ಮಾಡಿದರೆ ಬೆರಳಚ್ಚು ಎಲ್ಲೂ ನಡೆಯುವುದಿಲ್ಲ. ಸೊಸೈಟಿಗೆ ರೇಷನ್‌ಗೆ ಹೋಗುವ ದಿನ ಅದನ್ನು ತೆರೆಯಬೇಕಾಗುತ್ತದೆ. ಹಿರಿಯರಿಗೆ ಇದನ್ನು ಮಾಡಿಕೊಡುವ ಕೆಲಸ ಮನೆಯ ಕಾಲೇಜು ಮಕ್ಕಳದ್ದು.

ಕಾಲೇಜು ಮಕ್ಕಳ ಹೆಸರು ಬಂದ ಕಾರಣ, ಮನೆಯವರು ಅವರನ್ನು ಕೂರಿಸಿ ಕೇಳಬೇಕಾದ ಒಂದು ಪ್ರಶ್ನೆ ಇದೆ. "ನಿನ್ನ ಖಾತೆ ಯಾರಿಗಾದರೂ ಕೊಟ್ಟಿದ್ದೀಯಾ?" ಖಾತೆ ತೆರೆದು ಪಾಸ್‌ಬುಕ್, ಎಟಿಎಂ, ಸಿಮ್ ಕೊಟ್ಟರೆ ಕೆಲವು ಸಾವಿರ ಕೊಡುತ್ತೇವೆ ಎನ್ನುವ ಏಜೆಂಟರು ಬಡ ಮನೆಯ ಹುಡುಗರ ಹಿಂದೆಯೇ ಇದ್ದಾರೆ. ಬೇರೆ ಯಾರದೋ ಉಮ್ಮನಿಂದ ಕದ್ದ ಹಣ ಆ ಖಾತೆಯ ಮೂಲಕ ದಾಟುತ್ತದೆ. ಪೊಲೀಸರು ಬಂದಾಗ ಏಜೆಂಟ್ ಇರುವುದಿಲ್ಲ, ಇರುವುದು ಖಾತೆದಾರನ ಹೆಸರು ಮತ್ತು ಮನೆಯ ವಿಳಾಸ. ಯಾವುದೋ ರಾಜ್ಯದ ಪೊಲೀಸ್ ಠಾಣೆಯಲ್ಲಿ ಕೇಸು ಬಿದ್ದರೆ ಪಾಸ್‌ಪೋರ್ಟ್‌ಗೆ ತೊಡಕು, ಗಲ್ಫ್‌ನ ಕನಸಿಗೂ ತೊಡಕು. ಇವನು ಬಲಿಪಶುವೋ ಪಾಲುದಾರನೋ ಎಂದು ಕೋರ್ಟ್ ತೀರ್ಮಾನಿಸುವಾಗ ವರ್ಷಗಳೇ ಕಳೆದಿರುತ್ತವೆ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್‌ಗಳಿವೆ ಎಂದು ಸರಕಾರದ 'ಸಂಚಾರ್ ಸಾಥಿ' ವೆಬ್‌ಸೈಟಿನಲ್ಲಿ ಎರಡು ನಿಮಿಷದಲ್ಲಿ ನೋಡಬಹುದು. ನಿಮ್ಮದಲ್ಲದ ನಂಬರ್ ಕಂಡರೆ ಅಲ್ಲೇ ದೂರು ಕೊಡಬಹುದು.

ಇಷ್ಟೆಲ್ಲ ಎಚ್ಚರಿಕೆ ವಹಿಸಿದರೂ ಹಣ ಹೋಗುವುದಿದೆ. ಬ್ಯಾಂಕ್ ಮ್ಯಾನೇಜರುಗಳು, ಡಾಕ್ಟರುಗಳೇ ಮೋಸ ಹೋಗುವಾಗ ನಮ್ಮ ಮನೆಯ ಹೆಂಗಸರು ಹೋದರೆ ಆಶ್ಚರ್ಯವೇನು? ನಮ್ಮಲ್ಲಿ ಆಗುವ ದೊಡ್ಡ ನಷ್ಟ ಅದರ ನಂತರದ್ದು. ಒಟಿಪಿ ಹೇಳಿ ನಲವತ್ತು ಸಾವಿರ ಕಳೆದುಕೊಂಡವಳು ಅದನ್ನು ಗಂಡನಿಗೆ ಹೇಳುವುದಿಲ್ಲ. ಅಲ್ಲಿ ಬಿಸಿಲಲ್ಲಿ ದುಡಿದು ಕಳುಹಿಸಿದ ಹಣ, ಕೇಳಿದರೆ ಬೈಯುತ್ತಾರೆ, ಅತ್ತೆಗೆ ಗೊತ್ತಾದರೆ ಊರಿಗೆಲ್ಲ ಗೊತ್ತಾಗುತ್ತದೆ. ಹೀಗೆ ಹೆದರಿ ಎರಡು ದಿನ ಸುಮ್ಮನಿರುತ್ತಾಳೆ. ತವರಿನಿಂದ ಬಂಗಾರ ತಂದು ಅಡವಿಟ್ಟು ಖಾತೆ ತುಂಬಿಸಲು ನೋಡುವವರೂ ಇದ್ದಾರೆ. ಅಷ್ಟರಲ್ಲಿ ಆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಹತ್ತಕ್ಕೆ ಹಾರಿ ಎಟಿಎಂನಿಂದ ಹೊರಗೆ ಹೋಗಿರುತ್ತದೆ. ಹಣ ಹೋದ ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದ್ದರೆ ಅದು ಮಧ್ಯದಲ್ಲಿ ಎಲ್ಲಾದರೂ ತಡೆದು ನಿಲ್ಲುವ ಸಾಧ್ಯತೆ ಇತ್ತು. ಅವಳನ್ನು ಸುಮ್ಮನಿರಿಸಿದ್ದು ಕಳ್ಳನಲ್ಲ, ಮನೆಯವರ ಸಿಟ್ಟಿನ ಭಯ.

ಆದ್ದರಿಂದ ಹೊರದೇಶದಲ್ಲಿರುವ ಗಂಡಂದಿರಿಗೆ, ಮಕ್ಕಳಿಗೆ ಒಂದು ವಿನಂತಿ. ಪೆರ್ನಾಲ್ ಖರ್ಚಿಗೆ ಹಣ ಹಾಕಿ ಫೋನ್ ಮಾಡುವಾಗ ಇಷ್ಟನ್ನೂ ಹೇಳಿಬಿಡಿ: "ಏನಾದ್ರೂ ಹೆಚ್ಚು ಕಮ್ಮಿ ಆದ್ರೆ ಮೊದಲು 1930ಕ್ಕೆ ಮಾಡು, ಆಮೇಲೆ ನನಗೆ ಮಾಡು. ನಾನು ಬೈಯೋದಿಲ್ಲ." ಮತ್ತೆ ನಿಜವಾಗಿಯೂ ಬೈಯಬೇಡಿ.

1930 ಎನ್ನುವುದು ಹಣದ ಸೈಬರ್ ವಂಚನೆಗೆಂದೇ ಇರುವ ದೇಶದ ಸಹಾಯವಾಣಿ. ಅಲ್ಲಿಗೆ ಹೇಳಿದರೆ ಹಣ ಹೋದ ಬ್ಯಾಂಕಿಗೆ ಕಂಪ್ಯೂಟರ್ ಮೂಲಕವೇ ಸೂಚನೆ ಹೋಗಿ, ಖಾತೆಯಲ್ಲಿ ಹಣ ಉಳಿದಿದ್ದರೆ ತಡೆಹಿಡಿಯುತ್ತಾರೆ. ಕೈಯಲ್ಲಿ ಇರಬೇಕಾದದ್ದು ಖಾತೆ ಯಾವ ಬ್ಯಾಂಕಿನದ್ದು, ಎಷ್ಟು ಹಣ, ಎಷ್ಟು ಹೊತ್ತಿಗೆ, ಮೆಸೇಜಿನಲ್ಲಿ ಬಂದ ವ್ಯವಹಾರದ ನಂಬರ್. ಲೈನ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ವೆಬ್‌ಸೈಟಿನಲ್ಲಿ ಬರೆಯಬಹುದು, ಮಂಗಳೂರಿನ ಸೆನ್ ಠಾಣೆಗೆ ನೇರ ಹೋಗಬಹುದು. ಜೊತೆಗೇ ಕಾರ್ಡಿನ ಹಿಂದಿರುವ ನಂಬರಿಗೆ ಮಾಡಿ ಕಾರ್ಡನ್ನು ಬ್ಲಾಕ್ ಮಾಡಿಸಬೇಕು. ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದ್ದು.

ಮರುದಿನ ಶಾಖೆಗೆ ಹೋಗಿ ಬರೆದುಕೊಡಿ. ನಿಮ್ಮ ತಪ್ಪೂ ಇಲ್ಲ, ಬ್ಯಾಂಕಿನ ತಪ್ಪೂ ಇಲ್ಲ, ನಡುವೆ ಯಾರೋ ಕದ್ದದ್ದು ಎಂದಾದರೆ, ಮೆಸೇಜ್ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂಪಾಯಿ ನಿಮ್ಮ ಮೇಲೆ ಬರುತ್ತದೆ. ಅದಕ್ಕೂ ತಡವಾದರೆ ಆಯಾ ಬ್ಯಾಂಕಿನ ನೀತಿ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಹಣವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನಗಳೊಳಗೆ ದೂರು ಮುಗಿಸಬೇಕು ಎಂದು ಆ 2017ರ ಸುತ್ತೋಲೆಯಲ್ಲೇ ಇದೆ. ಪೆರ್ನಾಲ್ ರಜೆ, ಭಾನುವಾರ ಕೆಲಸದ ದಿನದ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಅದಕ್ಕಾಗಿ ಕಾಯುವುದು ಬೇಡ. ಕೌಂಟರಿನವರು "ನಾಳೆ ಬನ್ನಿ, ಪೊಲೀಸಿಗೆ ಹೋಗಿ" ಅಂತ ಕಳುಹಿಸಿದರೆ ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿ ದಿನಾಂಕ ಬರೆಸಿಕೊಳ್ಳದೆ ಹೊರಗೆ ಬರಬೇಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ವಿಚಾರಿಸಲು ನಂಬರ್ 14448, ಖರ್ಚೇನೂ ಇಲ್ಲ. ಆ ಸೀಲು ಹಾಕಿದ ಕಾಗದ ಅಲ್ಲಿ ಬೇಕಾಗುತ್ತದೆ.